ಕಾಯೋ ಕಲ್ಲಿನಿಂದಾಚೆ

ಎಮ್ಮಿಗನೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಲಲಿತಾ ಹದಿನೆಂಟು ವರ್ಷಗಳಿಂದ ಮಕ್ಕಳ ನಕ್ಷೆ ತಿದ್ದುತ್ತ ಬಂದವಳು. ದಿಕ್ಕು ಬರೆದಿಲ್ಲ, ಒಂದು ಅಂಕ ಖೋತಾ. ಗುರುತುಗಳ ಸೂಚಿ ಇಲ್ಲ, ಇನ್ನೊಂದು ಖೋತಾ. ಆದರೆ ಅವಳು ಓದಿದ್ದು ಇತಿಹಾಸದ ಬಿ.ಎ. ಭೂಗೋಳವನ್ನು ಹಿಂದಿನ ದಿನ ಓದಿಕೊಂಡು ಮರುದಿನ ಪಾಠ ಮಾಡುವುದರಲ್ಲೇ ಅರ್ಧ ಆಯುಷ್ಯ ಕಳೆದಿತ್ತು. ನಮ್ಮ ಶಾಲೆಗಳಲ್ಲಿ ಇದೇನು ಹೊಸದಲ್ಲ ಬಿಡಿ. ನಲವತ್ತಾರನೇ ವಯಸ್ಸಿಗೆ ಅವಳಿಗೇ ರೋಸಿಹೋಗಿ, ಹೊಸಪೇಟೆಯಲ್ಲಿ ಭಾನುವಾರ ತರಗತಿ ನಡೆಯುವ ಭೂಗೋಳದ ಎಂ.ಎ.ಗೆ ಸೇರಿದಳು.

ಕೊನೆಯ ವರ್ಷಕ್ಕೆ ಒಂದು ಪ್ರಬಂಧ, ಜೊತೆಗೆ ಕೈಯಾರೆ ಬರೆದ ಒಂದು ನಕ್ಷೆ. ಅವಳು ಆರಿಸಿಕೊಂಡದ್ದು ಕಲ್ಗೋನಾಳು. ಅವಳ ತಾಯಿ ಹುಲುಗಮ್ಮ ಹುಟ್ಟಿದ ಊರು. ತುಂಗಭದ್ರಾ ಡ್ಯಾಮಿನ ನೀರಿನಲ್ಲಿ ಮುಳುಗಿಹೋದ ಊರು. ಊರು ಬಿಟ್ಟಾಗ ಹುಲುಗಮ್ಮನಿಗೆ ಹನ್ನೊಂದು, ಈಗ ಎಂಬತ್ಮೂರು. ಪದವಿ ಬಂದರೆ ಬಡ್ತಿಗೆ ದಾರಿಯಾಗುತ್ತದೆ, ಅದು ಸರಿಯೇ. ಆದರೆ ಲಲಿತಾಳ ಜೀವ ತುಡಿಯುತ್ತಿದ್ದದ್ದು ಬೇರೆಯದಕ್ಕೆ. ಅವ್ವನ ಊರು ಯಾವುದಾದರೂ ಒಂದು ಕಾಗದದ ಮೇಲೆ ಇರಬೇಕು, ಅದನ್ನು ಅವ್ವ ಕಣ್ಣಾರೆ ನೋಡಬೇಕು.

ಒಂದು ಬೆಳಿಗ್ಗೆ ಹುಲುಗಮ್ಮ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ರಂಗೋಲಿ ಪುಡಿಯಲ್ಲಿ ಊರು ಬರೆದಳು. ಕೆಳಕೇರಿಯ ಇಪ್ಪತ್ತೆರಡು ಮನೆ, ಒಂದೊಂದು ಮನೆಯ ಹಿರಿಯರ ಹೆಸರು, ಹುಣಸೆಮರ, ಹೊಳೆಯ ದಾರಿ. ಅಳತೆ ಕೇಳಿದರೆ ಕೊಡದ ಲೆಕ್ಕ ಹೇಳಿದಳು.

"ಬಾವಿಯಿಂದ ಮನಿ ಮುಟ್ಟೋದ್ರಾಗ ಮೂರು ಸಲ ಕೊಡ ಸೊಂಟ ಬದಲಿಸಬೇಕಿತ್ತವ್ವ."

ಲಲಿತಾ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಓಣಿಯುದ್ದಕ್ಕೂ ನಡೆದು, ಸೊಂಟ ಸೋತಲ್ಲಿ ನಿಂತು ಟೇಪಿನಿಂದ ಅಳೆದಳು. ಟೀಚರಿಗೆ ಏನಾಯಿತೆಂದು ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತರು.

ಬಾವಿಯ ಪಕ್ಕ ಹುಲುಗಮ್ಮ ಒಂದು ಚುಕ್ಕೆ ಇಟ್ಟಳು. "ಇದು ಕಾಯೋ ಕಲ್ಲು. ನಾವು ಇಲ್ಲೇ ನಿಂದ್ರತಿದ್ವಿ. ಮ್ಯಾಲಿನೋರು ಯಾರಾರ ಬಂದು ನೀರು ಸೇದಿ ನಮ್ಮ ಕೊಡಕ್ಕ ಹುಯ್ಯಬೇಕಿತ್ತು."

"ಅದರ ಮುಂದ ಏನಿತ್ತವ್ವ?"

"ಗುಡಿ ಇತ್ತಂತ. ಗಂಟಿ ಸಪ್ಪಳ ಕೇಳತಿತ್ತು. ನಾ ನೋಡಿಲ್ಲ."

ಕಲ್ಲಿನಿಂದಾಚೆಗೆ ಬರೀ ಅಂಗಳದ ನೆಲ ಇತ್ತು.

ಮಾರ್ಗದರ್ಶಕ ಪಂಪೇಶ್ ಲಲಿತಾಳಿಗಿಂತ ಹತ್ತು ವರ್ಷ ಚಿಕ್ಕವರು. ರಂಗೋಲಿಯನ್ನು ಕಾಗದಕ್ಕೆ ಇಳಿಸಿದ ಕರಡು ನೋಡಿ ತಲೆ ಕೆರೆದುಕೊಂಡರು. "ಮೇಡಂ, ಅರ್ಧ ಊರು ಖಾಲಿ ಬಿಟ್ರ ಪರೀಕ್ಷಕರು ಒಪ್ಪಂಗಿಲ್ರಿ. ಗುಡಿ ಇತ್ತು ಅಂತೀರಿ, ಗುಡಿ ಇಲ್ಲ. ಅಂಕ ಹೋಗ್ತಾವ. ಯಾರನ್ನಾರ ಕೇಳಿ ತುಂಬಿಸ್ರಿ. ಮುಂದಿನ ಭಾನುವಾರ ಕೊನಿ ದಿನ."

ಹುಡುಕಿದಾಗ ಸಿಕ್ಕವರು ಕೊಟ್ರಯ್ಯ, ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುವ ಮನೆತನದ ಹಿರಿಯರು. ಕಲ್ಗೋನಾಳಿನ ಮೇಲಿನ ಬೀದಿಯವರು, ಹುಲುಗಮ್ಮನಿಗಿಂತ ಮೂರು ವರ್ಷ ದೊಡ್ಡವರು. "ಬರ್ರಿ ಟೀಚರ್, ಕುಂದ್ರಿ" ಎಂದು ಮರ್ಯಾದೆಯಿಂದ ಕೂರಿಸಿ ಚಹಾ ತರಿಸಿದರು. ಕಾಗದದ ಮೇಲೆ ಗುಡಿ, ಮಠ, ಚಾವಡಿ, ಸಾಲು ಮನೆಗಳನ್ನು ಬರೆದರು. ತಮ್ಮ ಮನೆಯ ಕಟ್ಟೆ ಬರೆಯುವಾಗ ಕಣ್ಣಲ್ಲಿ ನೀರು ಬಂತು. ಕೆಟ್ಟ ಮನುಷ್ಯರಲ್ಲ. ಬಾವಿಯ ಹತ್ತಿರ ಬಂದು ಅವರ ಪೆನ್ನು ನಿಂತಿತು.

"ಇದರ ಕೆಳಗ ಏನಿತ್ರಿ ಯಜಮಾನ್ರ?"

"ಕೆಳಗ ಏನೂ ಇದ್ದಿಲ್ರಿ. ಬರೇ ಜಾಲಿಗಿಡ" ಎಂದು ಅಲ್ಲಿ ನಾಲ್ಕು ಗಿಡ ಗೀಚಿದರು.

ಇಪ್ಪತ್ತೆರಡು ಮನೆ! ಲಲಿತಾ ಚಹಾದ ಲೋಟ ಕೆಳಗಿಟ್ಟಳು. ಅವಳಿಗೆ ಬಾಯಿ ಇರಲಿಲ್ಲವೆಂದಲ್ಲ, ಒಂಬತ್ತನೇ ತರಗತಿಯ ಹುಡುಗರನ್ನು ಕೇಳಿದರೆ ಗೊತ್ತಾಗುತ್ತದೆ. ಆದರೆ ಅವತ್ತು ಅವಳಿಗೆ ನಕ್ಷೆ ಬೇಕಾಗಿತ್ತು. ಕೈಮುಗಿದು, ಕಾಗದ ಮಡಚಿಕೊಂಡು ಎದ್ದಳು.

ಮನೆಯಲ್ಲಿ ಎರಡೂ ಕಾಗದಗಳನ್ನು ಬಾವಿಯ ಗುರುತಿನಲ್ಲಿ ಕೂಡಿಸಿದಾಗ ಊರು ಇಡಿಯಾಗಿ ಎದ್ದು ಬಂತು. ಮೂರು ದಿನ ಕೂತು ಬಣ್ಣ ತುಂಬಿದಳು. ಶನಿವಾರ ಮಧ್ಯಾಹ್ನ ಅವ್ವನ ಮುಂದೆ ಹಾಸಿದಾಗ ಅವಳ ಎದೆ ಹಿಗ್ಗಿತ್ತು.

"ಇದು ನಿಮ್ಮನಿ ನೋಡವ್ವ."

ಹುಲುಗಮ್ಮ ಮನೆಯ ಮೇಲೆ ತೋರುಬೆರಳು ಇಟ್ಟಳು. ಬೆರಳು ಹುಣಸೆಮರ ದಾಟಿತು. ದಾರಿಯಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ನಿಂತಿತು. ಕೊಡ ಸೊಂಟ ಬದಲಿಸುತ್ತಿತ್ತು! ಕಾಯೋ ಕಲ್ಲು ಮುಟ್ಟಿ ಅಲ್ಲೇ ಉಳಿಯಿತು.

"ಮುಂದ ಹೋಗವ್ವ. ಗುಡಿ ಇಲ್ಲೇ ಐತಿ."

ಬೆರಳು ಒಂದು ನೂಲಿನಷ್ಟು ಸರಿದು, ಕೆಂಡ ಮುಟ್ಟಿದಂತೆ ಹಿಂದೆ ಬಂತು. ಯಾರಾದರೂ ಕಂಡರೇನೋ ಎಂದು ಮುದುಕಿ ಅತ್ತಿತ್ತ ನೋಡಿದಳು.

"ಯಾರ್ ಅದಾರವ್ವ ಇಲ್ಲಿ?" ಎಂದಳು ಲಲಿತಾ. " ಮುಳುಗಿ ಎಪ್ಪತ್ತೆರಡು ವರ್ಷಾತು."

"ಗೊತ್ತೈತವ್ವ." ಹುಲುಗಮ್ಮ ಬೆರಳನ್ನು ಸೆರಗಿನೊಳಗೆ ಇಟ್ಟುಕೊಂಡಳು. "ಆದ್ರ ಇದು ಯಾರ ಊರೋ ಏನೋ. ನಂದು ಕಲ್ಲಿಗೆ ಮುಗೀತು."

ಲಲಿತಾಳಿಗೆ ನಾಚಿಕೆಯಾಯಿತು. ಅವ್ವನನ್ನು ತಡೆದ ಬೀದಿಯನ್ನು ಅವ್ವನ ಹೆಸರಿನಲ್ಲೇ ಬಣ್ಣ ಹಚ್ಚಿ ಕೂಡಿಸಿಬಿಟ್ಟಿದ್ದಳು, ಅದೂ ಅಂಕಕ್ಕೆ ಹೆದರಿ. ಅಡುಗೆಯನ್ನೂ ಬಿಟ್ಟು ಹೊಸ ಹಾಳೆ ತೆಗೆದಳು.

ಭಾನುವಾರ ಪಂಪೇಶ್ ನಕ್ಷೆ ಬಿಡಿಸಿದರು. ಕಲ್ಲಿನವರೆಗೆ ಊರು, ಆಮೇಲೆ ಬಿಳಿ. ಕೊಟ್ರಯ್ಯನವರ ಕಾಗದವನ್ನು ಪ್ರಬಂಧದ ಕೊನೆಗೆ ಅವರದೇ ಹೆಸರಿನಲ್ಲಿ ಬೇರೆಯಾಗಿ ಅಂಟಿಸಿದ್ದಳು, ಜಾಲಿಗಿಡ ಸಮೇತ. ನಕ್ಷೆಯ ಮೂಲೆಯ ಸೂಚಿಯಲ್ಲಿ ಮನೆ, ಮರ, ಬಾವಿಗಳ ಗುರುತು ಇದ್ದವು. ಕೊನೆಯ ಚೌಕ ಖಾಲಿ.

"ಇದಕ್ಕ ಬಣ್ಣ ಹಾಕೋದು ಮರ್ತ್ರೇನ್ರಿ ಮೇಡಂ?"

"ಪಕ್ಕದಾಗ ಬರದೀನಿ ನೋಡ್ರಿ ಸರ್."

ಪಂಪೇಶ್ ಬಗ್ಗಿ ಓದಿದರು: 'ಹುಲುಗಮ್ಮನಿಗೆ ಕಾಲಿಡಲು ಬಿಡದ ಜಾಗ.'

"ಅಂಕ ಕಳೀಬಹುದ್ರಿ."

"ಕಳೀಲಿ ಬಿಡ್ರಿ. ಹದಿನೆಂಟು ವರ್ಷ ನಾನೂ ಕಳದೀನಿ."

ಅವರು ಪೆನ್ನು ತೆಗೆದು ಸಹಿ ಹಾಕಿದರು. "ತಾಯಿಯವರಿಗೆ ತೋರಿಸಿದ್ರೇನ್ರಿ?"

"ಹೂಂನ್ರಿ. ಸೂಚಿಯಾಗ ಬರದದ್ದು ಓದಿ ಹೇಳಿದೆ. ಮನಿಯಿಂದ ಕಲ್ಲಿನತನಕ ಎರಡು ಸಲ ಹೋಗಿಬಂದ್ಲು. ಆಮ್ಯಾಲೆ ಬಿಳಿ ಜಾಗದ ಮ್ಯಾಲ ಇಡೀ ಅಂಗೈ ಇಟ್ಟು, 'ಈಗ ನೋಡು, ಇದು ನಮ್ಮೂರು' ಅಂದ್ಲು."