ಜುಂಜಮ್ಮನ ಎಡಗಿವಿ

"ಯಾವಾಗಿಂದ ಹೀಗೆ ಹೊಡ್ಕೊಳ್ತಾಳೆ?" ಡಾಕ್ಟರು ಚೀಟಿಯಿಂದ ತಲೆ ಎತ್ತದೆ ಕೇಳಿದರು.

ಜುಂಜಮ್ಮ ಅಂಗೈಯಿಂದ ಎಡಗಿವಿಯ ಮೇಲೆ ಪಟಪಟನೆ ಬಡಿದುಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ವಯಸ್ಸು ಮೂವತ್ತು, ಬುದ್ಧಿ ನಾಲ್ಕು ವರ್ಷದ ಕೂಸಿನದು. ನೋಯುತ್ತಿದೆ ಎಂದು ಹೇಳಲು ಅವಳಲ್ಲಿ ಮಾತಿರಲಿಲ್ಲ. ಸೆರಗು ನೆಲಕ್ಕೆ ಜಾರಿತ್ತು. ಸಾಲಿನಲ್ಲಿ ಕುಳಿತಿದ್ದ ಹೆಂಗಸರಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ತಾಳ್ಯದಲ್ಲಿ ಬಸ್ಸು ಹತ್ತಿದಾಗಿನಿಂದ ಜನ ನೋಡುತ್ತಲೇ ಇದ್ದರು. ಜೊತೆಗೆ ಬಂದಿದ್ದ ಅವಳ ತಮ್ಮ ಎತ್ತಪ್ಪನಿಗೆ ಒಮ್ಮೆ ಆಚೆ ಹೋದರೆ ಸಾಕಾಗಿತ್ತು.

"ಹುಟ್ಟಿದಾಗಿಂದ್ಲೂ ಹಿಂಗೇ ಸಾ," ಎಂದುಬಿಟ್ಟ.

ಅವಳು ಬಡಿದುಕೊಳ್ಳಲು ಶುರುಮಾಡಿ ಮೂರೇ ದಿನವಾಗಿತ್ತು.

"ಇಂಥವರದು ಇದ್ದದ್ದೇ. ನಿದ್ದೆ ಮಾತ್ರೆ ಕೊಡ್ತೀನಿ," ಎಂದ ಡಾಕ್ಟರು ಕುರ್ಚಿಯಿಂದ ಏಳಲಿಲ್ಲ.

ಮಾತ್ರೆ ನುಂಗಿದ ಜುಂಜಮ್ಮ ಮಲಗಿಯೇ ಇದ್ದಳು. ಮನೆ ನಿಶ್ಶಬ್ದವಾಯಿತು. ಎರಡನೆಯ ದಿನ ಎತ್ತಪ್ಪನ ಹೆಂಡತಿ ಚಂದ್ರಕ್ಕ, "ನಿದ್ದೇಲೂ ನರಳ್ತಾಳೆ, ಮೈ ಸುಡ್ತೈತೆ. ಇನ್ನೊಂದ್ಸಲ ತೋರ್ಸ್ರಿ," ಎಂದಳು. "ಡಾಕ್ಟ್ರೇ ನೋಡೈದಾರಲ್ಲ," ಎಂದು ಎತ್ತಪ್ಪ ಕುರಿ ಬಿಟ್ಟುಕೊಂಡು ಹೊರಟ.

ಬೀಳಿನಲ್ಲಿ ಕುರಿಯೊಂದು ಮೇಯುವುದನ್ನು ಬಿಟ್ಟು ತಲೆ ಒದರಿತು. ಎತ್ತಪ್ಪ ಅದನ್ನು ಹಿಡಿದು, ಮೊಣಕಾಲ ನಡುವೆ ಅದುಮಿಕೊಂಡು, ಕಿವಿ ಬಿಡಿಸಿ ಬಿಸಿಲಿಗೆ ಹಿಡಿದ. ಒಳಗೊಂದು ಉಣ್ಣೆಹುಳು ಕಚ್ಚಿಕೊಂಡಿತ್ತು. ಉಗುರಲ್ಲಿ ಕಿತ್ತು ಎಸೆದ. ಕುರಿ ಕೊಸರಿಕೊಂಡು ಓಡಿತು. ಅವನು ಮಾತ್ರ ಕುಕ್ಕುರುಗಾಲಿನಲ್ಲಿ ಕೂತಲ್ಲೇ ಕೂತ. ಅಕ್ಕನ ಕಿವಿಯನ್ನು ಯಾರೂ ಬಿಡಿಸಿ ನೋಡಿರಲಿಲ್ಲ; ಡಾಕ್ಟರೂ ಇಲ್ಲ, ತಾನೂ ಇಲ್ಲ. ಕುರಿಗಳನ್ನು ಪಕ್ಕದವರಿಗೆ ಒಪ್ಪಿಸಿ ಓಡಿದ. ಮನೆಯಲ್ಲಿ ಅವಳ ಕೆನ್ನೆಯ ಕೆಳಗಿನ ಕೌದಿ ಕೀವಿನಿಂದ ಒದ್ದೆಯಾಗಿತ್ತು.

ಆಸ್ಪತ್ರೆಯಲ್ಲಿ ಈ ಸಲ ಡಾಕ್ಟರು ಕುರ್ಚಿಯಿಂದ ಎದ್ದು ಬಂದರು. ಬ್ಯಾಟರಿ ಹಿಡಿದು ಬಹಳ ಹೊತ್ತು ನೋಡಿದರು.

"ಹುಟ್ಟಿದಾಗಿಂದ ಅಂದೆಯಲ್ಲಯ್ಯ?"

"ಸುಳ್ಳು ಹೇಳ್ದೆ ಸಾ. ಮೂರು ದಿನ ಆಗಿತ್ತು ಅಷ್ಟೆ." ಎತ್ತಪ್ಪ ಅಕ್ಕನ ಜಾರಿದ ಸೆರಗು ಸರಿಮಾಡಿದ. "ಜನ ನೋಡ್ತಿದ್ರು. ನಾಚ್ಕೆ ಆತು."

ಡಾಕ್ಟರು ಬೈಯುತ್ತಾರೆಂದು ಕಾದ. ಅವರು ಬೈಯಲಿಲ್ಲ. ಎತ್ತಪ್ಪ ತಂದು ಮೇಜಿನ ಮೇಲಿಟ್ಟಿದ್ದ, ತಾವೇ ಬರೆದ ಹಳೆಯ ಚೀಟಿಯನ್ನು ಓದಿ, ಸಣ್ಣದಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ಜೀವಕ್ಕೆ ಭಯ ಇಲ್ಲ," ಎಂದರು. "ಆದ್ರೆ ಈ ಕಿವಿ ಇನ್ನು ಕೇಳಿಸೋದು ಕಷ್ಟ."

ಹತ್ತು ದಿನ ಇಂಜೆಕ್ಷನ್ ಆಯಿತು. ಜ್ವರ ಇಳಿಯಿತು. ಜುಂಜಮ್ಮ ಮತ್ತೆ ಎದ್ದು ಓಡಾಡಿದಳು, ಮುದ್ದೆ ಉಂಡಳು, ನಕ್ಕಳು.

ಒಂದು ಸಂಜೆ ಅವಳು ಅಂಗಳದಲ್ಲಿ ಚಾಪೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಎತ್ತಪ್ಪ ಎಡಗಡೆಯಿಂದ ಬಂದು, "ಅಕ್ಕಾ," ಎಂದ. ಅವಳು ತಿರುಗಲಿಲ್ಲ. ಅವನು ಸುತ್ತು ಹಾಕಿ ಬಲಗಡೆಗೆ ಬಂದು ನಿಂತ. ಅವನ ನೆರಳು ಕಂಡು ಜುಂಜಮ್ಮ ಮುಖ ಎತ್ತಿ ನಕ್ಕಳು. ಮಡಿಲ ಸಿಪ್ಪೆ ಕೊಡವಿ, ಸ್ವಲ್ಪ ಸರಿದು, ಚಾಪೆಯ ಮೇಲೆ ಅವನಿಗೆ ಜಾಗ ಮಾಡಿದಳು.