ಚರಗದ ದಿನ ಬಂದ ಬೆಳಕು

ಕಡುಬು, ಜೋಳದ ನುಚ್ಚಿನ ಬಾನ ಕಲಸಿದ ಚರಗದ ಬುಟ್ಟಿಯನ್ನು ಹೆಗಲ ಮೇಲಿಟ್ಟುಕೊಂಡು ಕನಕಪ್ಪ ಭೂಮಿತಾಯಿಗೆ ಹಿಡಿ ಹಿಡಿ ಚೆಲ್ಲುತ್ತ ಹೊಲದ ಅರ್ಧ ಸುತ್ತು ಮುಗಿಸಿದ್ದ. ಹಿಂದೆ ಚೊಂಬಿನಿಂದ ನೀರು ಚಿಮುಕಿಸುತ್ತ ಬರುತ್ತಿದ್ದ ಮಗಳು ಶ್ವೇತಾಳ ಸೊಂಟದಲ್ಲಿ ಫೋನು ಕಿರುಚಿಕೊಂಡಿತು. ಬಾಹ್ಯಾಕಾಶದ ದೂರದರ್ಶಕಕ್ಕೆ ಗಾಮಾ ಕಿರಣದ ಸ್ಫೋಟವೇನಾದರೂ ಕಂಡರೆ ಮಾತ್ರ ಕೂಗಲೆಂದು ಅವಳಿಟ್ಟ ಸದ್ದು ಅದು.

"ಅಯ್ಯೋ ಅಪ್ಪಾ, ಇವತ್ತಿನ ಪಾಳಿ ನಂದ!"

ದೂರದರ್ಶಕ ಕೊಟ್ಟ ಸುಳಿವು ನಿಜವೋ ಎಂದು ನೋಡಿ ಜಗತ್ತಿಗೆ ಸಾರುವುದು ಅವಳ ತಂಡದ ಕೆಲಸ, ದಿನಕ್ಕೊಬ್ಬರ ಪಾಳಿ. ಮರೆತ ತಪ್ಪು ಅವಳದೇ. ಚರಗ ಚೆಲ್ಲುವುದು ಎಳ್ಳು ಅಮಾವಾಸ್ಯೆಗೆ; ಗೋಡೆಯ ಕ್ಯಾಲೆಂಡರಿನಲ್ಲಿ ಎಳ್ಳಮಾಸಿ ಎಂದಿದ್ದ ದಿನ ನೋಡಿ, ಅಂದಿನ ಪಾಳಿಯನ್ನು ಮರುದಿನಕ್ಕೆ ಬದಲಿಸಿಕೊಂಡಿದ್ದಳು. ಆದರೆ ಅವರ ಊರು ತಳಕಲ್ಲಿನ ಹಿರಿಯರು, ಅಂದು ಅಮಾವಾಸ್ಯೆ ಹೊತ್ತೇರಿದ ಮೇಲೆ ಶುರುವಾಗುತ್ತದೆಂದು ಚರಗವನ್ನೂ ಮರುದಿನಕ್ಕೇ ಇಟ್ಟರು. ಕಡುಬಿನ ಗಡಿಬಿಡಿಯಲ್ಲಿ ಅವಳಿಗೆ ಪಾಳಿಯ ನೆನಪೇ ಹಾರಿತ್ತು. ನಕ್ಷತ್ರ ಓದಿದವಳು ಅಮಾವಾಸ್ಯೆಯಲ್ಲಿ ಎಡವಿದ್ದಳು!

ಹೊಲದಲ್ಲಿ ದೂರದರ್ಶಕದ ಗೆರೆಚಿತ್ರ ತೆರೆಯುವಷ್ಟು ಇಂಟರ್‌ನೆಟ್ ಸಿಗುವುದು ಹಕ್ಕಿ ಕಾಯುವ ಮಂಚಿಕೆಯ ಮೇಲೆ ಮಾತ್ರ. ಚೊಂಬನ್ನು ಬದುವಿನ ಮೇಲಿಟ್ಟು ಓಡಿದಳು.

ಹೋದ ತಿಂಗಳು, ದೂರದರ್ಶಕಕ್ಕೆ ಬಡಿದ ಬರೀ ಬಾಹ್ಯಾಕಾಶದ ಕಣಗಳ ಗದ್ದಲವನ್ನು ಸ್ಫೋಟವೆಂದು ಸಾರಿದ್ದಳು. ಎರಡು ದೇಶಗಳ ದೊಡ್ಡ ದೂರದರ್ಶಕಗಳು ಕೈಯಲ್ಲಿದ್ದ ಕೆಲಸ ಬಿಟ್ಟು ಖಾಲಿ ಆಕಾಶ ನೋಡಿದ್ದವು. ಇನ್ನೊಮ್ಮೆ ಹಾಗಾದರೆ ಪಾಳಿಯಿಂದ ಹೆಸರು ತೆಗೆಯುತ್ತೇನೆಂದು ಮುಖ್ಯಸ್ಥೆ ಸುರೇಖಾ ಎಚ್ಚರಿಸಿದ್ದರು. ಸುಮ್ಮನಿದ್ದರೂ ಉಳಿಗಾಲವಿಲ್ಲ, ಸ್ಫೋಟದ ಹಿಂದೆ ಉಳಿಯುವ ಹೊಳಪು ಬೇಗ ಮಂಕಾಗುತ್ತದೆ.

ಮಂಚಿಕೆ ಹತ್ತುವುದರೊಳಗೆ ಅವರದೇ ಕರೆ. "ಹೌದೋ ಅಲ್ಲವೋ, ಶ್ವೇತಾ? ಹತ್ತು ನಿಮಿಷವಾಯ್ತು."

"ಒಂದೇ ನಿಮಿಷ ಮೇಡಂ."

ದೂರದರ್ಶಕಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಕಣ್ಣು. ಗದ್ದಲವಾದರೆ ನಾಲ್ಕರಲ್ಲೂ ಗೆರೆ ಒಟ್ಟಿಗೆ ಏಳುತ್ತದೆ. ಸ್ಫೋಟವಾದರೆ ಅದರ ಕಡೆ ಮುಖ ಮಾಡಿದವುಗಳಲ್ಲಿ ಮಾತ್ರ. ಮೊದಲನೆಯ ಗೆರೆ ಎದ್ದಿತ್ತು. ಎರಡನೆಯದೂ ಎದ್ದಿತ್ತು. ಮೂರನೆಯದು ತೆರೆಯಲೊಲ್ಲದು. ಫೋನನ್ನು ತಲೆಯ ಮೇಲೆತ್ತಿ ಹಿಡಿದು, ಇಳಿಸಿ ನೋಡಿದಳು. ಮೂರನೆಯದು ಚಪ್ಪಟೆ. ನಾಲ್ಕನೆಯದೂ ಚಪ್ಪಟೆ.

"ಹೌದ್ರಿ ಮೇಡಂ, ಖರೇ ಐತ್ರಿ!" ಗಾಬರಿಗೆ ಊರ ಮಾತೇ ಬಂದುಬಿಟ್ಟಿತು.

ಆಮೇಲೆ ಉತ್ತರಕ್ಕೆ ಕಾದ ಅರ್ಧ ತಾಸು ಅವಳ ಪಾಲಿಗೆ ಶಿಕ್ಷೆ. ಕೊನೆಗೆ, ಆಗ ರಾತ್ರಿಯಾಗಿದ್ದ ಯಾವುದೋ ದೇಶದ ದೂರದರ್ಶಕದವರಿಂದ ಒಂದು ಸಾಲು ಬಂತು: ಹೇಳಿದ ಜಾಗದಲ್ಲಿ ಹೊಸ ಹೊಳಪು ಕಂಡಿದೆ. ಶ್ವೇತಾ ಅಲ್ಲೇ ಕೂತು ಅತ್ತುಬಿಟ್ಟಳು.

ಇಳಿದು ಬಂದರೆ ಕನಕಪ್ಪ ಬಿಟ್ಟ ಜಾಗದಲ್ಲೇ ನಿಂತಿದ್ದ. ಸುತ್ತು ಮುಗಿಯುವ ತನಕ ಬುಟ್ಟಿಯನ್ನು ನೆಲಕ್ಕೆ ತಾಗಿಸಬಾರದೆಂಬುದು ಅವರ ಮನೆಯ ಕಟ್ಟಳೆ. ನೀರು ಹಾಕುವವರಿಲ್ಲದೆ ಮುಂದೆ ಹೋಗುವಂತೆಯೂ ಇರಲಿಲ್ಲ. ಬುಟ್ಟಿ ಹಿಡಿದ ತೋಳು ಅದುರುತ್ತಿತ್ತು.

"ಇಷ್ಟೊತ್ತನ ನಿಂತ ಇದ್ದಿ ಏನಪ್ಪ?"

"ಮತ್ತೇನ ಮಾಡ್ಲಿ? ನಿಂದ ಹೇಳು, ಖರೇ ಆತೇನು?"

"ಖರೇ ಆತು. ಮುಗಿಲಾಗಿನ ಭಾಳ ದೊಡ್ಡ ಚಿಕ್ಕಿ ಒಂದು ಸತ್ತೈತಪ್ಪ, ಕೋಟಿಗಟ್ಟಲೆ ವರ್ಷದ ಹಿಂದ. ಅದರ ಬೆಳಕು ಇವತ್ತ ಬಂದು ಮುಟ್ಟೇತಿ."

ಕನಕಪ್ಪ ಮುಖವೆತ್ತಿ ಮಧ್ಯಾಹ್ನದ ಬರಿ ಆಕಾಶವನ್ನು ನೋಡಿದ.

"ಸಾಯೂ ಹೊತ್ತಿನ್ಯಾಗ ಅದರ ಜೋಡಿ ಯಾರಿದ್ರವ್ವಾ?"

ಹೀಗೆಂದವನು ಬುಟ್ಟಿಯಿಂದ ಒಂದು ಹಿಡಿ ತೆಗೆದು ಜೋರಾಗಿ ಮೇಲಕ್ಕೆ ಎಸೆದ. ಬಾನದ ಅಗುಳು ಇಬ್ಬರ ತಲೆಯ ಮೇಲೂ, ಜೋಳದ ತೆನೆಗಳ ಮೇಲೂ ಉದುರಿತು. ಅವಳು ಬದುವಿನ ಮೇಲಿದ್ದ ಚೊಂಬನ್ನೆತ್ತಿಕೊಂಡು, ಅಗುಳು ಬಿದ್ದಲ್ಲೆಲ್ಲ ನೀರು ಚಿಮುಕಿಸಿದಳು.