ಬೇಡ ಎಂದವರ ಕಡೆ

ಕಾರಿನ ರೇಡಿಯೊದಲ್ಲಿ ಸೈಪ್ರಸ್‌ನ ಮತದಾನದ ಫಲಿತಾಂಶ ಬಂದಾಗ ಸೂರ್ಯನಾರಾಯಣ ಸಿಗ್ನಲ್‌ನಲ್ಲಿ ನಿಂತಿದ್ದ. ಮೂವತ್ತು ವರ್ಷದಿಂದ ಎರಡಾಗಿದ್ದ ದ್ವೀಪ. ಉತ್ತರದ ತುರ್ಕರು ಒಂದಾಗೋಣ ಎಂದಿದ್ದರು. ದಕ್ಷಿಣದ ಗ್ರೀಕರಲ್ಲಿ ಮುಕ್ಕಾಲು ಪಾಲು ಜನ ಬೇಡ ಎಂದಿದ್ದರು.

"ಬುದ್ಧಿವಂತರು ಕಣೆ," ಎಂದ.

ಪಕ್ಕದಲ್ಲಿದ್ದ ಹೆಂಡತಿ ಪದ್ಮಜಾ ಕಿಟಕಿಯ ಕಡೆ ತಿರುಗಿದಳು. ಕಾಲೇಜಿನಲ್ಲಿ ರಾಜಕೀಯ ಶಾಸ್ತ್ರ ಕಲಿಸುವ ಅವಳು ಐರ್ಲೆಂಡನ್ನೂ ಸೈಪ್ರಸ್ಸನ್ನೂ ಹೋಲಿಸಿ ಆರು ವರ್ಷದಿಂದ ಒಂದು ಪುಸ್ತಕ ಬರೆಯುತ್ತಿದ್ದಳು. ತೊಂಬತ್ತೆಂಟರಲ್ಲಿ ಐರ್ಲೆಂಡಿನ ಎರಡೂ ಭಾಗದವರು ಶಾಂತಿ ಒಪ್ಪಂದಕ್ಕೆ ಹೌದೆಂದರು, ಏಕೆಂದರೆ ಬೇಡವೆಂದರೆ ಇಬ್ಬರಿಗೂ ನಷ್ಟವಿತ್ತು. ಗ್ರೀಕರಿಗೆ ಇರಲಿಲ್ಲ. ಹೌದೆನ್ನಲಿ, ಬೇಡವೆನ್ನಲಿ, ಮುಂದಿನ ಶನಿವಾರ ಯುರೋಪಿನ ಒಕ್ಕೂಟದ ಬಾಗಿಲು ಅವರಿಗೆ ತೆರೆದೇ ಇತ್ತು. ನಾಲ್ಕನೆಯ ಅಧ್ಯಾಯದಲ್ಲಿ ನಲವತ್ತು ಪುಟ ಅವಳು ಇದನ್ನೇ ಬರೆದಿದ್ದಳು.

ಈಸ್ಟ್ ಬ್ರನ್ಸ್‌ವಿಕ್‌ನ ಲೈಬ್ರರಿಯ ಮೀಟಿಂಗ್ ರೂಮಿನಲ್ಲಿ ಮಧ್ಯಾಹ್ನ ಎರಡಕ್ಕೆ ಇನ್ನೊಂದು ಮತದಾನವಿತ್ತು. ಪರದೇಶದ ಈ ಊರಿನಲ್ಲಿದ್ದ ಒಂದು ಕನ್ನಡ ಕೂಟ ಆರು ವರ್ಷದ ಹಿಂದೆ ಎರಡಾಗಿತ್ತು. ಅದೂ ಬದನೆಕಾಯಿಯ ದೆಸೆಯಿಂದ. ಯುಗಾದಿ ಊಟಕ್ಕೆ ಧಾರವಾಡದ ಗಿರಿಜಾದೇವಿ ಎಣ್ಣೆಗಾಯಿ ಮಾಡಿ ತಂದಿದ್ದಳು. ಅಧ್ಯಕ್ಷ ಸೂರ್ಯನಾರಾಯಣ ಮೈಕಿನಲ್ಲಿ, "ಬೆಳ್ಳುಳ್ಳಿ ಐಟಂಗಳನ್ನ ದಯವಿಟ್ಟು ಕಾರಿಡಾರ್‌ನಲ್ಲಿ ಇಡಿ," ಎಂದಿದ್ದ. ಗಿರಿಜಾಳ ಗಂಡ ಡಾಕ್ಟರ್ ಚಂದ್ರಶೇಖರಪ್ಪ ಪಾತ್ರೆ ಎತ್ತಿಕೊಂಡು ಹೊರಟರು, ಜೊತೆಗೆ ಮೂವತ್ತಾರು ಸಂಸಾರ ಹೊರಟಿತು. ಮಗ ವಸಿಷ್ಠ ಹುಟ್ಟಿದಾಗ ಪದ್ಮಜಾಳ ಬಾಣಂತನ ಮಾಡಿದವಳು ಈ ಗಿರಿಜಾ. ತವರಿನಿಂದ ಯಾರೂ ಬರಲಾಗದಿದ್ದ ಆ ಚಳಿಗಾಲದಲ್ಲಿ ನಲವತ್ತು ದಿನ ಅವಳ ಮನೆಯಿಂದಲೇ ಊಟ ಬಂದಿತ್ತು. ಪಾತ್ರೆ ಹೋದ ಮೇಲೆ ಆರು ವರ್ಷ ಇಬ್ಬರೂ ಐಸೆಲಿನ್‌ನ ಇಂಡಿಯನ್ ಅಂಗಡಿಗಳಲ್ಲಿ ಎದುರಾದರೂ ಮಾತಿಲ್ಲ.

ಜನವರಿಯಲ್ಲಿ ಒಂದಾಗುವ ಮಾತು ಬಂದಾಗ ಕರಡು ಬರೆಯಲು ಆ ಕಡೆಯಿಂದ ಗಿರಿಜಾ, ಈ ಕಡೆಯಿಂದ ಪದ್ಮಜಾ ಕೂತರು. ಎರಡು ಕೂಟಕ್ಕೂ ಬೇರೆ ಬೇರೆ ಡಬ್ಬ, ಬೇರೆ ಬೇರೆ ಎಣಿಕೆ, ಎರಡೂ ಕಡೆ ಹೌದು ಬಂದರೆ ಮಾತ್ರ ಒಂದು. ಫೋನುಗಳು ಶುರುವಾದವು. ಮೊದಲು ಕರಡಿನ ಮಾತು, ಆಮೇಲೆ ಮೊಣಕಾಲು ನೋವು, ಮಕ್ಕಳು, ಬರಬರುತ್ತಾ ಹಳೆಯ ನಗು. ಪದ್ಮಜಾಳಿಗೆ ಕೂಟ ಹಾಳಾಗಿ ಹೋಗಲಿ, ಈ ಫೋನು ಉಳಿದರೆ ಸಾಕಿತ್ತು.

ಮೊನ್ನೆ ಗುರುವಾರ ಬೆಳಗ್ಗೆ ಮನೆಯ ಫ್ಯಾಕ್ಸಿನಲ್ಲಿ ಒಂದು ಕಾಗದ ಬಂತು. ಪ್ರತಿ ವರ್ಷ ಎರಡೂ ಕೂಟಗಳು ತಮಗೇ ಬೇಕೆಂದು ಜಗಳವಾಡುತ್ತಿದ್ದ ಹೈಸ್ಕೂಲ್ ಆಡಿಟೋರಿಯಂ ನವೆಂಬರ್ ಆರಕ್ಕೆ, ರಾಜ್ಯೋತ್ಸವಕ್ಕೆ, ಸೂರ್ಯನಾರಾಯಣನ ಕೂಟದ ಹೆಸರಿಗೆ ಬುಕ್ ಆಗಿತ್ತು.

"ಓಟಿಗೆ ಮುಂಚೇನೆ?" ಎಂದಳು.

"ಬ್ಯಾಕಪ್ ಕಣೆ. ಬೇಡ ಅಂತ ಬಂದ್ರೆ ನಾವು ಬೀದೀಲಿ ನಿಲ್ಲೋಕಾಗುತ್ತಾ? ನೀನೇನೂ ಊರಿಗೆಲ್ಲ ಸಾರೋಕೆ ಹೋಗ್ಬೇಡ."

ಹೇಳಿದರೆ ಆ ಕಡೆಯವರು ಓಟಿಗೇ ಬರುವುದಿಲ್ಲ, ಫೋನೂ ನಿಲ್ಲುತ್ತದೆ ಎಂದು ಹೆದರಿ ಪದ್ಮಜಾ ಕಾಗದವನ್ನು ಡ್ರಾಯರಿಗೆ ಹಾಕಿದಳು. ಗ್ರೀಕರ ಬಗ್ಗೆ ನಲವತ್ತು ಪುಟ ಬರೆದವಳಿಗೆ ಸ್ವಂತ ಮನೆಯ ಒಂದು ಪುಟ ಓದಿ ಹೇಳುವ ಧೈರ್ಯ ಇರಲಿಲ್ಲ.

ಲೈಬ್ರರಿಯಲ್ಲಿ ಎರಡು ಕಡೆಯವರೂ ನಡುವೆ ಎರಡು ಸಾಲು ಕುರ್ಚಿ ಖಾಲಿ ಬಿಟ್ಟು ಕೂತರು. ಮೂರೂವರೆಗೆ ಎಣಿಕೆ ಮುಗಿಯಿತು. ಚಂದ್ರಶೇಖರಪ್ಪನವರ ಕಡೆ ಹೌದು ಎಪ್ಪತ್ಮೂರು, ಬೇಡ ಹನ್ನೆರಡು. ಈ ಕಡೆ ಹೌದು ಮೂವತ್ತೊಂದು, ಬೇಡ ಎಂಬತ್ತೆಂಟು. ಆ ಮೂವತ್ತೊಂದರಲ್ಲಿ ಪದ್ಮಜಾಳದೂ ಒಂದು.

ಸುಮ್ಮನಿದ್ದಿದ್ದರೆ ಸೂರ್ಯನಾರಾಯಣನ ಗಂಟೇನೂ ಹೋಗುತ್ತಿರಲಿಲ್ಲ. ಮೈಕು ಕಂಡರೆ ಅವನಿಗೆ ಬಾಯಿ ನಿಲ್ಲದು. "ನಮ್ಮ ಸದಸ್ಯರು ಯೋಚನೆ ಮಾಡೋದು ಬೇಡ. ನವೆಂಬರ್ ಆರಕ್ಕೆ ಆಡಿಟೋರಿಯಂ ನಮಗೆ ಕನ್ಫರ್ಮ್ ಆಗಿದೆ." ಈ ಕಡೆ ಚಪ್ಪಾಳೆ ಬಿತ್ತು. ಒಬ್ಬರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಸುದ್ದಿ ಅವರಿಗೆಲ್ಲ ಫೋನಿನಲ್ಲಿ ಮೊದಲೇ ಮುಟ್ಟಿತ್ತು.

ಚಂದ್ರಶೇಖರಪ್ಪ ಎದ್ದು ನಿಂತರು. "ಅಂದ್ರ ಹಾಲ್ ಬುಕ್ ಮಾಡಿಟ್ಟು ಆಮ್ಯಾಲೆ ನಮ್ಮನ್ನ ಓಟಿಗೆ ಕರದೀರೇನ್ರೀ? ನಾಚಿಕಿ ಅನ್ನೋದು ಐತಿಲ್ಲೋ ನಿಮಗ?"

"ಮಾತು ಸರಿಯಾಗಿ ಆಡಿ ಡಾಕ್ಟ್ರೇ. ಓಟು ಹಾಕಿರೋರು ಜನ."

ಕುರ್ಚಿಗಳು ಕಿರುಗುಟ್ಟಿದವು. ಯಾರೋ ಯಾರನ್ನೋ ಗೂಂಡಾ ಎಂದರು. ಪದ್ಮಜಾ ಆ ಗದ್ದಲ ದಾಟಿ ಪಾರ್ಕಿಂಗ್ ಲಾಟಿಗೆ ಓಡಿದಳು. ಗಿರಿಜಾ ಕಾರಿನ ಬಾಗಿಲು ತೆಗೆಯುತ್ತಿದ್ದಳು.

"ಗಿರಿಜಾ, ನಾನು ಹೌದು ಅಂತಾನೇ ಹಾಕಿದ್ದು."

"ನಾ ಅದನ್ನ ಕೇಳ್ಲಿಲ್ಲ. ಹಾಲ್ ಸುದ್ದಿ ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. "ಗುರುವಾರ ಬೆಳಗ್ಗೆ."

"ಗುರುವಾರ ಸಂಜಿಕೆ ಒಂದು ತಾಸು ಮಾತಾಡೇವಿ. ನವೆಂಬರ್‌ದಾಗ ಎಲ್ಲಾರೂ ಕೂಡಿ ಅಡಗಿ ಏನು ಮಾಡೂಣು ಅಂತ ಕೇಳಿದೆ. ಎಣ್ಣಿಗಾಯಿ ನೀನ ಮಾಡು, ಸ್ಟೇಜಿನ ಮುಂದನ ಇಡೂಣು ಅಂದಿ."



ಗಿರಿಜಾ ಒಳಗೆ ಕೂತು ಬೆಲ್ಟ್ ಹಾಕಿಕೊಂಡಳು. ಪದ್ಮಜಾ ತನಗೇ ತಿಳಿಯದೆ ಕಾರಿನ ಹಿಂದೆ ಬಂದು ನಿಂತಿದ್ದಳು. ಹಿಂದಿನ ಬಿಳಿ ದೀಪಗಳು ಹೊತ್ತಿಕೊಂಡವು. ಗಿರಿಜಾ ಹಾರ್ನ್ ಮಾಡಲಿಲ್ಲ, ಗಾಜು ಇಳಿಸಲಿಲ್ಲ. ಎರಡೂ ಕೈ ಸ್ಟಿಯರಿಂಗ್ ಮೇಲಿಟ್ಟು, ಕನ್ನಡಿಯಲ್ಲಿ ನೋಡುತ್ತಾ, ದಾರಿ ತೆರವಾಗಲೆಂದು ಕಾದಳು. ಪದ್ಮಜಾ ಹುಲ್ಲಿನ ಮೇಲೆ ಸರಿದು ನಿಂತಳು.